ಬಾಯೊಡೆದ ಗಡಿಗೆಯ ಮೆಣಸಿನ ಗಿಡ

ರೋಹಿಣಿ ಮಳೆ ಹುಟ್ಟಿ ಮೂರು ದಿನವಾಗಿತ್ತು. ಹೊತ್ತು ಇನ್ನೂ ಮೂಡಿರಲಿಲ್ಲ, ಕೋಳಿ ಎರಡನೇ ಸಲ ಕೂಗಿ ಸುಮ್ಮನಾಗಿತ್ತು. ಹನಗೋಡಿನ ಸಿದ್ದಮಲ್ಲಪ್ಪನವರ ಮನೆಯ ತಾರಸಿಯ ಮೇಲೆ ನಾನೂ ನನ್ನ ಮಗಳು ಮಲ್ಲಿಯೂ ಕುಕ್ಕರುಗಾಲಲ್ಲಿ ಕೂತು, ತಳ ಸವೆದ ಒಂದು ಬಾಂಡ್ಲಿಯಲ್ಲಿ ಮೆಣಸಿನಕಾಯಿ ಬೀಜ ಹಾಕಿದೆವು. ಇಪ್ಪತ್ಮೂರು ಬೀಜ. ಎಣಿಸಿಯೇ ಹಾಕಿದೆವು, ಇದ್ದದ್ದೇ ಅಷ್ಟು.

ಹತ್ತಾರು ಗುಡಿಸಲಿನ ನಮ್ಮ ಹಾಡಿ ಇದ್ದದ್ದು ಕೋಟೆ ತಾಲ್ಲೂಕಿನಲ್ಲಿ, ಕಪಿಲೆ ಹೊಳೆಯ ಅಂಚಿಗೆ. ಹಿಂದಿನ ವರ್ಷ, ಎಪ್ಪತ್ನಾಲ್ಕರಲ್ಲಿ, ಅಣೆಕಟ್ಟಿನ ನೀರು ಏರುತ್ತ ಏರುತ್ತ ಬಂದು ಹಾಡಿಯ ಮೇಲೆ ನಿಂತುಬಿಟ್ಟಿತು. ಎಲ್ಲರೂ ಪಾತ್ರೆ, ಕೋಳಿ, ಸೂರಿನ ಗಳ ಹೊತ್ತರು. ನನ್ನ ಹೆಂಡತಿ ಬೆಳ್ಳಮ್ಮ ಮಾತ್ರ ಒಲೆಯ ಮೇಲೆ ಹೊಗೆಯಲ್ಲಿ ತೂಗುಹಾಕಿದ್ದ ಸೋರೆ ಬುರುಡೆಯನ್ನು ಇಳಿಸಿ ಕಂಕುಳಲ್ಲಿ ಇಟ್ಟುಕೊಂಡು ಹೊರಟಳು. ಅದರೊಳಗೆ ಬೀಜಕ್ಕೆಂದು ಒಣಗಿಸಿದ ಹತ್ತು ಹನ್ನೆರಡು ಮೆಣಸಿನಕಾಯಿ. ಹೆಬ್ಬೆರಳಿನಷ್ಟು ದಪ್ಪ, ಮೊಂಡು ಮೂತಿ, ಹಣ್ಣಾದರೆ ಕೆಂಪು ಹೋಗಿ ಕಪ್ಪಿಗೆ ತಿರುಗುವ ಜಾತಿ. ಅವಳಿಗೆ ಅದನ್ನು ಕೊಟ್ಟವಳು ಅವಳ ತಾಯಿ ಚಿಕ್ಕಮಾದಿ. ಚಿಕ್ಕಮಾದಿಗೆ ಅವಳ ತಾಯಿ. ನಮ್ಮ ಹಾಡಿಯಲ್ಲಿ ಹೆಣ್ಣು ಗಂಡನ ಮನೆಗೆ ಹೊರಡುವಾಗ ತಾಯಿಯೋ ತಂದೆಯೋ ತಾಯಿಮನೆಯ ಮೆಣಸಿನ ಬೀಜವನ್ನು ಸೆರಗಿಗೆ ಗಂಟು ಹಾಕಿ ಕಳಿಸಬೇಕು. ಅದೂ ಆ ವರ್ಷ ಬೆಳೆದ ಬೀಜವೇ ಆಗಬೇಕು. ಗಂಡನ ಅಂಗಳದಲ್ಲಿ ತಾಯಿಯ ಕಾರ ಹುಟ್ಟಿದರೆ ಹೆಣ್ಣು ಪರದೇಸಿಯಲ್ಲ ಅಂತ ಮಾತು.

ಹೊಳೆ ಬಿಟ್ಟ ಮೇಲೆ ಕೂಲಿ ಹುಡುಕುತ್ತ ಹನಗೋಡಿಗೆ ಬಂದೆವು. ಸಿದ್ದಮಲ್ಲಪ್ಪನವರದು ಹೊಗೆಸೊಪ್ಪಿನ ಬೇಸಾಯ. ಸೊಪ್ಪು ಬೇಯಿಸುವ ಬ್ಯಾರನ್ನಿನ ಗೋಡೆಗೆ ಒರಗಿಸಿದ ಒಂದು ಮಾಡಿನಲ್ಲಿ ಇರಲು ಜಾಗ ಕೊಟ್ಟರು. ಪುಷ್ಯ ಮಾಸದ ಚಳಿಯಲ್ಲಿ ಬೆಳ್ಳಮ್ಮನಿಗೆ ಜ್ವರ ಬಂತು. ಮೂರನೇ ದಿನ ನನ್ನ ಕೈ ಹಿಡಿದು ಅವಳು ಹೇಳಿದ್ದು ಒಂದೇ ಮಾತು.

"ಮಲ್ಲೀನ ಬರೀ ಸೆರಗಲ್ಲಿ ಕಳಿಸ್ಬ್ಯಾಡ ಕಣೋ."

ಸರಿ ಅಂದೆ. ಸರಿ ಅಂದದ್ದು ಅವಳಿಗೆ ಕೇಳಿಸಿತೋ ಇಲ್ಲವೋ, ಈಗಲೂ ಗೊತ್ತಿಲ್ಲ.

ಮಾಡಿನ ಸೂರು ಸೋರಿ ಬುರುಡೆಗೆ ನೀರಿಳಿದಿತ್ತು. ಬಿಚ್ಚಿ ನೋಡಿದರೆ ಕಾಯಿಗಳೆಲ್ಲ ಬೂಷ್ಟು ಹಿಡಿದು ಮೆತ್ತಗಾಗಿದ್ದವು. ಉಗುರಿನಲ್ಲಿ ಒತ್ತಿ ಒತ್ತಿ, ಗಟ್ಟಿ ಅನ್ನಿಸಿದ ಇಪ್ಪತ್ಮೂರನ್ನು ಆರಿಸಿದೆವು. ಇನ್ನೊಂದು ವರ್ಷ ಇಟ್ಟರೆ ಅವೂ ಸಾಯುವ ಬೀಜ. ಮಲ್ಲಿಗೆ ಕೋಟೆ ಕಡೆಯ ಗುಂಡ ಅನ್ನುವ ಹುಡುಗನ ಜತೆ ಮದುವೆ ಮಾತಾಗಿತ್ತು. ದೀಪಾವಳಿ ಕಳೆದ ಮೇಲೆ ಕರೆದುಕೊಂಡು ಹೋಗುವುದೆಂದು ಒಪ್ಪಂದ. ಅಷ್ಟರೊಳಗೆ ಗಿಡ ಬೆಳೆದು, ಕಾಯಿ ಹಣ್ಣಾಗಿ, ಬೀಜ ಕೈಗೆ ಬರಬೇಕು.

ಬೆಳೆಯುವುದಾದರೂ ಎಲ್ಲಿ? ಹಿತ್ತಲೆಲ್ಲ ಕಲ್ಲುಹಾಸು. ಕಲ್ಲಿಲ್ಲದ ಕಡೆ ಸೌದೆ, ದನ, ಕೋಳಿ, ಬೀದಿಯ ಮೇಕೆ. ತಲೆ ಎತ್ತಿ ನೋಡಿದರೆ ಬರಿದಾಗಿದ್ದದ್ದು ಮನೆಯ ತಾರಸಿ ಒಂದೇ. ಹಿತ್ತಲ ಕಡೆಯಿಂದ ಅದಕ್ಕೆ ಮೆಟ್ಟಿಲಿತ್ತು. ಕೇಳಬೇಕಾದದ್ದು ಸಿದ್ದಮಲ್ಲಪ್ಪನವರ ಹೆಂಡತಿ ಗುರುಶಾಂತಮ್ಮನವರನ್ನು. ಅರವತ್ತರ ಮೇಲಿನ ಹೆಂಗಸು, ಹಣೆತುಂಬ ವಿಭೂತಿ, ಮಾತು ಬಲು ಚೂಪು. ಅಂಗಳದಲ್ಲಿ ಕೈ ಕಟ್ಟಿ ನಿಂತು ಕೇಳಿದೆ.

"ಏನೋ ಕೇತ, ನಿಮ್ಮ ಹಾಡೀನೇ ತಂದು ನನ್ನ ತಲೆ ಮೇಲೆ ಇಡ್ತೀಯಾ?" ಅಂದರು.

"ಒಂದ್ ಅತ್ತು ಡಬ್ಬ ಅಷ್ಟೇ ಅಮ್ಮಾವ್ರೆ."

"ತಾರಸಿ ಸೋರಿದ್ರೆ ಡಬ್ಬ ಬೀದಿಗೆ, ನೀನು ಡಬ್ಬದ ಹಿಂದೆ. ಡಬ್ಬದ ಕೆಳಗೆ ಇಟ್ಟಿಗೆ ಇಡು, ನೀರು ನಿಲ್ಲಬಾರ್ದು. ಇನ್ನೊಂದು. ಮೂಡಲ ಮೂಲೇಲಿ ನನ್ನ ಪೂಜೆ ಹೂವಿನ ಕುಂಡ ಅವೆ. ಅಲ್ಲಿಗೆ ನೀನಾಗಲಿ ನಿನ್ನ ಮಗಳಾಗಲಿ ಸುಳೀಬಾರ್ದು."

ಆ ಮೂಲೆಗೆ ಅಡ್ಡ ಅವರೇ ಒಂದು ಸಾಲು ಇಟ್ಟಿಗೆ ಹಾಕಿಸಿದರು. ಲಿಂಗಪೂಜೆಯ ಕಣಗಿಲೆ, ನಂದಿಬಟ್ಟಲು, ಒಂದು ಪತ್ರೆ ಸಸಿ ಆಚೆ ಕಡೆ, ನಾವು ಈಚೆ ಕಡೆ. ನಮಗೆ ಅದರಲ್ಲಿ ಬೇಸರವಿರಲಿಲ್ಲ. ಅಂಥ ಸಾಲು ನೋಡಿಕೊಂಡೇ ಬೆಳೆದವರು ನಾವು.

ಸೀಮೆಎಣ್ಣೆ ಡಬ್ಬಗಳನ್ನು ಅಡ್ಡಕ್ಕೆ ಕೊಯ್ದು, ತಳಕ್ಕೆ ಮೊಳೆಯಲ್ಲಿ ತೂತು ಹೊಡೆದು, ತೂತಿನ ಮೇಲೆ ಒಡೆದ ಮಡಕೆಯ ಬೋಕಿ ಮುಚ್ಚಿದೆ. ಕೆರೆಗೋಡು, ಹೊಳೆ ಮರಳು, ಹಳೇ ಗೊಬ್ಬರ ಸಮ ಬೆರೆಸಿ ಮಲ್ಲಿ ಮಂಕರಿಯಲ್ಲಿ ಹೊತ್ತು ಹತ್ತಿಸಿದಳು. ಬಿಸಿಲಿಗೆ ಡಬ್ಬ ಕಾದರೆ ಬೇರು ಬೇಯುತ್ತದೆ, ಅದಕ್ಕೆ ಸುತ್ತ ಒದ್ದೆ ಗೋಣಿ. ಹದಿನೈದು ದಿನಕ್ಕೆ ಬಾಂಡ್ಲಿಯಲ್ಲಿ ಒಂಬತ್ತು ಮೊಳಕೆ ಕಂಡವು. ಇನ್ನು ಹದಿನಾಲ್ಕು ಕಾಣಲೇ ಇಲ್ಲ.

ಪುನರ್ವಸು ಮಳೆಯಲ್ಲಿ ಸಸಿ ಕಿತ್ತು ನೆಡುವ ಬೆಳಗ್ಗೆ ಗುರುಶಾಂತಮ್ಮನವರು ಹೂ ಕೊಯ್ಯಲು ಬಂದವರು ನೋಡಿದರು.

"ಒಂಬತ್ತಾ? ಒಂದು ಇತ್ಲಾಗೆ ಕೊಡೇ ಮಲ್ಲಿ. ತಾರಸಿ ಬಾಡಿಗೆ ಅಂದ್ಕೋ."

ಬೇಡ ಅನ್ನಲು ಆಗುತ್ತದೆಯೇ? ಮಲ್ಲಿ ಎಲ್ಲಕ್ಕಿಂತ ಸಣ್ಣ ಸಸಿಯೊಂದನ್ನು ಮಣ್ಣಿನ ಸಮೇತ ಎಬ್ಬಿಸಿ ಇಟ್ಟಿಗೆ ಸಾಲಿನ ಮೇಲೆ ಇಟ್ಟಳು. ಅವರು ಅದನ್ನು ಒಂದು ಬಾಯೊಡೆದ ಗಡಿಗೆಯಲ್ಲಿ ನೆಟ್ಟು, ಕಣಗಿಲೆಯ ನೆರಳಿಗೆ ತಳ್ಳಿದರು. ಉಳಿದ ಎಂಟನ್ನು ನಾನು ಡಬ್ಬಗಳಲ್ಲಿ ನೆಟ್ಟೆ.

ಅದೇ ವಾರ ಸೊಪ್ಪು ಮುರಿಯುವ ಕೆಲಸ ಶುರುವಾಯಿತು. ಹೊಲದಿಂದ ಬಂದ ಹಸಿ ಹೊಗೆಸೊಪ್ಪನ್ನು ಕಡ್ಡಿಗೆ ಜೋಡಿಸಿ ಕಟ್ಟುವುದು, ಕಡ್ಡಿಗಳನ್ನು ಬ್ಯಾರನ್ನಿನೊಳಗೆ ಮೇಲಿಂದ ಕೆಳಗಿನ ತನಕ ತುಂಬುವುದು. ಸಂಜೆಯ ಹೊತ್ತಿಗೆ ಅಂಗೈಗೆ ಕಪ್ಪು ಜಿಡ್ಡು ಮೆತ್ತಿ, ಬೆರಳಿಗೆ ಬೆರಳು ಅಂಟುತ್ತಿತ್ತು. ಮಲ್ಲಿಯೂ ಕಟ್ಟುವ ಹೆಂಗಸರ ಸಾಲಿನಲ್ಲಿ ಕೂರುತ್ತಿದ್ದಳು. ಇದರ ಮೇಲೆ ನನಗೆ ಎಲೆಯಡಿಕೆಯ ಜತೆ ಹೊಗೆಸೊಪ್ಪು ಜಗಿಯುವ ಚಟ, ಹದಿನೈದನೇ ವಯಸ್ಸಿನದು.

ಕೆಲಸ ಬಿಟ್ಟೊಡನೆ ನೇರ ತಾರಸಿಗೆ ಹೋಗುತ್ತಿದ್ದೆ. ಬೆಳ್ಳಮ್ಮ ಹಾಡಿಯಲ್ಲಿ ಮಾಡುತ್ತಿದ್ದ ಹಾಗೆಯೇ ಮಾಡುತ್ತಿದ್ದೆ. ಹೊತ್ತು ಮುಳುಗುವ ಮುಂಚೆ ಅವಳು ಪ್ರತಿ ಗಿಡದ ಮುಂದೆ ಕೂತು, ಒಂದೊಂದು ಎಲೆಯನ್ನೂ ಮೇಲೆ ಕೆಳಗೆ ಸವರಿ ಧೂಳು ತೆಗೆಯುತ್ತಿದ್ದಳು. ಮೆಣಸಿನ ಗಿಡಕ್ಕೆ ಮನೆಯವರ ಕೈ ಬಳಕೆಯಾಗಬೇಕು, ಇಲ್ಲದಿದ್ದರೆ ಅದು ಕಾರ ಹಿಡಿಯುವುದಿಲ್ಲ ಅಂತ ನಮ್ಮವರ ನಂಬಿಕೆ. ಎಂಟು ಗಿಡ, ಒಂದೊಂದಕ್ಕೆ ಇಪ್ಪತ್ತು ಮೂವತ್ತು ಎಲೆ. ಒಂದನ್ನೂ ಬಿಡದೆ ಸವರುತ್ತಿದ್ದೆ. ಸವರುವಾಗ ಬೆಳ್ಳಮ್ಮ ಪಕ್ಕದಲ್ಲಿ ಕೂತಿದ್ದಾಳೆ ಅನ್ನಿಸುತ್ತಿತ್ತು.

ಆಶ್ಲೇಷ ಮಳೆಯ ಹೊತ್ತಿಗೆ ಒಂದು ಗಿಡದ ಎಲೆ ಕಪ್ಪೆಯ ಬೆನ್ನಿನ ಹಾಗಾಯಿತು. ಒಂದು ಕಡೆ ತಿಳಿ ಹಸಿರು, ಒಂದು ಕಡೆ ಕಡು ಹಸಿರು, ನಡುವೆ ಬೊಬ್ಬೆ. ಕುಡಿ ಮುದುರಿ ನಿಂತಿತು. ನಾಲ್ಕು ದಿನಕ್ಕೆ ಪಕ್ಕದ್ದು. ಆಮೇಲೆ ಅದರ ಪಕ್ಕದ್ದು. ನಾನು ಹೇನಿನ ಕಾಟ ಅಂದುಕೊಂಡು ಬೂದಿ ಹಾಕಿದೆ. ಬೇವಿನ ನೀರು ಎರಚಿದೆ. ಯಾವುದಕ್ಕೂ ಜಗ್ಗದಿದ್ದಾಗ, ಊರಿನವರು ಹುಳಕ್ಕೆ ಮಾಡುವಂತೆ ಹೊಗೆಸೊಪ್ಪಿನ ದಂಟನ್ನು ರಾತ್ರಿಯೆಲ್ಲ ನೆನೆಹಾಕಿ, ಆ ಕೆಂಪು ನೀರನ್ನು ಎಂಟೂ ಗಿಡದ ತಲೆ ಮೇಲೆ ಚಿಮುಕಿಸಿದೆ. ಇನ್ನೂ ಹೆಚ್ಚು ಹೊತ್ತು ಕೂತೆ, ಇನ್ನೂ ಮೆತ್ತಗೆ ಸವರಿದೆ.

"ಅಪ್ಪೋ, ಸಾಕು ಬುಡು," ಅಂದಳು ಮಲ್ಲಿ ಒಂದು ಸಂಜೆ. "ನೀ ಮುಟ್ಟಿ ಮುಟ್ಟಿ ಅವಕ್ಕೂ ಬ್ಯಾಸರ ಬಂದದೆ."

"ನಿಮ್ಮವ್ವ ಮುಟ್ಟುದ್ರೆ ಬತ್ತಿರ್ಲಿಲ್ಲ ಬ್ಯಾಸರ."

"ಅವ್ವಂಗೆ ಕೈ ಇತ್ತು. ನಿಂಗೆ ಗರಗಸ."

ನಗಿಸಲೆಂದೇ ಹೇಳಿದ್ದು. ನಾನೂ ನಕ್ಕೆ. ನಕ್ಕು, ಮುಂದಿನ ಎಲೆಗೆ ಕೈ ಹಾಕಿದೆ.

ಮಘೆ ಕಳೆದು ಹುಬ್ಬೆ ಬರುವಷ್ಟರಲ್ಲಿ ಐದು ಗಿಡ ಕಡ್ಡಿಯಾಗಿದ್ದವು. ಮೂರರಲ್ಲಿ ಹೂ ಮೂಡಿ, ಮೂಡಿದ ಹಾಗೇ ಉದುರಿತು. ಊಟ ಇಳಿಯುತ್ತಿರಲಿಲ್ಲ. ಬ್ಯಾರನ್ನಿನಲ್ಲಿ ಬೆಂಕಿ ನೋಡಿಕೊಳ್ಳುತ್ತಿದ್ದ ನಂಜಣ್ಣ, ಇಪ್ಪತ್ತು ವರ್ಷ ಹೊಗೆಸೊಪ್ಪಿನಲ್ಲೇ ಬೆಂದ ಆಳು, ಒಂದು ಮಧ್ಯಾಹ್ನ ನನ್ನ ಮುಖ ನೋಡಿ ಕೇಳಿದ.

"ಏನ್ಲಾ ಕೇತ, ಎಂಡ್ತಿ ಸತ್ತಾಗ್ಲೂ ಇಂಗಿರ್ಲಿಲ್ವಲ್ಲೋ ನೀನು?"

ಹೇಳಿದೆ. ಎಲೆ ಹೇಗಿದೆ ಅಂದ. ಕಪ್ಪೆ ಬೆನ್ನು ಅಂದೆ. ಅವನ ಕೈಯಲ್ಲಿದ್ದ ಸೌದೆ ಅಲ್ಲೇ ನಿಂತಿತು.

"ನಡಿ, ತೋರ್ಸು."

ಮೆಟ್ಟಿಲು ಹತ್ತಿದವನು ಕೊನೇ ಮೆಟ್ಟಿಲಲ್ಲೇ ನಿಂತುಬಿಟ್ಟ. ಎರಡು ಕೈಯನ್ನೂ ಬೆನ್ನ ಹಿಂದೆ ಕಟ್ಟಿಕೊಂಡ.

"ಬಾಣ್ಣ, ಅತ್ರ ಬಂದು ನೋಡು."

"ಬರಕ್ಕಿಲ್ಲ. ನಿನ್ ಕೈ ತೋರ್ಸು ಮೊದ್ಲು."

ತೋರಿಸಿದೆ. ಜಿಡ್ಡು ಹತ್ತಿ ಗೆರೆಗಳೆಲ್ಲ ಕಪ್ಪಾಗಿದ್ದವು.

"ಇದೇ ಕೈಲಿ ಮುಟ್ತಿದ್ಯಾ?"

"ದಿನಾ. ಒಂದೆಲೆ ಬುಡ್ದಂಗೆ."

ನಂಜಣ್ಣ ಅಲ್ಲೇ ಕೂತ. ಬಯ್ಯುತ್ತಾನೆ ಅಂದುಕೊಂಡಿದ್ದೆ. ಬಯ್ಯಲಿಲ್ಲ.

"ಅಯ್ಯೋ ಮಂಕೇ. ಆ ರೋಗ ಒಗೆಸೊಪ್ಪಲ್ಲೇ ಇರ್ತದೆ ಕಣ್ಲಾ. ಸೊಪ್ಪು ಒಣಗಿದ್ರೂ ಅದು ಸಾಯಕ್ಕಿಲ್ಲ. ಜಗ್ಯೋ ಕಡ್ಡೀಲೂ ಇರ್ತದೆ. ನಮ್ ಸಸಿಮಡಿ ಒಳೀಕೆ ಎಲೆಯಡ್ಕೆ ಅಗ್ಯೋರ್ನ ಬುಡಕ್ಕಿಲ್ಲ, ಯಾಕಂತೀಯ? ಸಸಿ ಕೀಳೋ ಎಣ್ಣಾಳ್ಗೆ ಮೊದ್ಲು ಕೆನೆ ತೆಗ್ದ ಆಲಲ್ಲಿ ಕೈ ಅದ್ದುಸ್ತೀವಿ. ಮೆಣ್ಸಿನ ಗಿಡಕ್ಕೂ ಬದನೆಗೂ ಅಂಟ್ತದೆ ಅದು. ಕೈಯಿಂದ್ಲೇ ಅಂಟೋದು. ನೀರೂ ಎರಚ್ದೆ ಅಂದ್ಯಲ್ಲ, ದಂಟು ನೆನೆಹಾಕಿದ್ದು?"

"ಊಂ."

"ಮುಗೀತು ಬುಡು."

ಎಂಟು ಡಬ್ಬದ ನಡುವೆ ನಿಂತಿದ್ದೆ. ಒಂದೊಂದು ಎಲೆ ಸವರಿದ ಒಂದೊಂದು ಸಂಜೆಯೂ ನೆನಪಿಗೆ ಬಂತು. ಎಲ್ಲಿ ಮೊದಲು ಕಂಡಿತು, ಆಮೇಲೆ ಎಲ್ಲಿ, ನನ್ನ ಕೈ ಹೋದ ದಾರಿಯಲ್ಲೇ ಅದೂ ಹೋಗಿತ್ತು. ನೀರು ಉಳಿಸಿದ್ದನ್ನು, ಬೂಷ್ಟು ಉಳಿಸಿದ್ದನ್ನು ನಾನು ಕೊಂದಿದ್ದೆ. ಕೂಗಿಕೊಳ್ಳಬೇಕು ಅನ್ನಿಸಿತು. ಬಾಯಲ್ಲಿ ಎಲೆಯಡಿಕೆ ಇತ್ತು. ಉಗಿಯಲೂ ಆಗದೆ ನುಂಗಲೂ ಆಗದೆ ನಿಂತೆ.

ನಂಜಣ್ಣನೇ ಬೆರಳು ಚಾಚಿದ. "ಅದ್ಯಾರ್ದು, ಆ ಮೂಲೇದು?"

ಇಟ್ಟಿಗೆ ಸಾಲಿನ ಆಚೆ, ಕಣಗಿಲೆಯ ನೆರಳಿನಲ್ಲಿ, ಬಾಯೊಡೆದ ಗಡಿಗೆಯಲ್ಲಿ ಒಂದು ಗಿಡ. ಕುಳ್ಳು. ಹೂ ಇಲ್ಲ. ಆದರೆ ಎಲೆ ಒಂದೇ ಹಸಿರು. ನಾನು ಮುಟ್ಟಕೂಡದೆಂದು ಹಾಕಿದ ಸಾಲಿನ ಆಚೆ ಅದೊಂದೇ ನೆಟ್ಟಗಿತ್ತು.

ಇಳಿದು ಹೋಗಿ ಗುರುಶಾಂತಮ್ಮನವರ ಹಿತ್ತಲ ಬಾಗಿಲಲ್ಲಿ ನೆಲಕ್ಕೆ ಹಣೆ ಇಟ್ಟೆ.

"ಅಮ್ಮಾವ್ರೆ, ಆ ಗಡಿಗೆ ಗಿಡ."

"ಯಾಕೋ? ನನ್ನ ಬಾಡಿಗೆ ಮೇಲೂ ಕಣ್ಣು ಬಿತ್ತಾ?"

ಬೀಜದ ಮಾತು, ಸೆರಗಿನ ಮಾತು, ಬೆಳ್ಳಮ್ಮನ ಮಾತು, ನನ್ನ ಕೈಯ ಮಾತು ಎಲ್ಲ ಹೇಳಿದೆ. ಅವರು ಬಾಗಿಲ ಚೌಕಟ್ಟು ಹಿಡಿದು ನಿಂತೇ ಕೇಳಿದರು.

"ಎದ್ದೇಳು," ಅಂದರು ಕಡೆಗೆ. "ನಾಳೆಯಿಂದ ನೀನು ಮೆಟ್ಟಿಲು ಹತ್ತಬೇಡ. ಇವತ್ತೇ ಆ ಎಂಟೂ ಡಬ್ಬ ಇಳಿಸಿ ಗಿಡ ಸುಟ್ಟುಬಿಡು, ಆಮೇಲೆ ನೀನು ತಾರಸೀನ ಮರೆತುಬಿಡು. ಮಲ್ಲೀನೂ ಬರೋದು ಬೇಡ. ನೀರು ನಾನು ಹಾಕ್ತೀನಿ."

ಎಂಟೂ ಡಬ್ಬ ಇಳಿಸಿ, ಗಿಡ ಕಿತ್ತು ಬ್ಯಾರನ್ನಿನ ಒಲೆಗೆ ಹಾಕಿದೆ. ಹಸಿ ಮೆಣಸಿನ ಗಿಡದ ಹೊಗೆ ಕಣ್ಣಿಗೆ ಹತ್ತಿತು. ಅವತ್ತು ಎಷ್ಟು ಬೇಕಾದರೂ ಅಳಬಹುದಾಗಿತ್ತು, ಯಾರೂ ಕೇಳುತ್ತಿರಲಿಲ್ಲ.

ಮಲ್ಲಿ ಸೊಪ್ಪು ಕಟ್ಟುವುದನ್ನು ಬಿಟ್ಟು ಬೇರೆಯವರ ರಾಗಿ ಹೊಲದ ಕಳೆಗೆ ಹೋದಳು. ನಾನು ಬಿಡುವಂತಿರಲಿಲ್ಲ. ಬ್ಯಾರನ್ ಕೆಲಸ ಬಿಟ್ಟರೆ ಮಾಡೂ ಬಿಡಬೇಕು. ಸಂಜೆ ಹಿತ್ತಲಲ್ಲಿ ನಿಂತು ಮೇಲೆ ನೋಡುತ್ತಿದ್ದೆ. ಗೋಡೆಯ ಅಂಚಿನ ಮೇಲೆ ಕಣಗಿಲೆ ಕಾಣುತ್ತಿತ್ತು, ಗಡಿಗೆಯ ಗಿಡ ಕಾಣುತ್ತಿರಲಿಲ್ಲ.

"ಅಮ್ಮಾವ್ರೆ, ಇವತ್ತು?"

"ಹೂ ಇಲ್ಲ," ಅಂತ ಮೇಲಿಂದ ಉತ್ತರ.

ಉತ್ತರೆ ಮಳೆ ಹೋಯಿತು, ಹೂ ಇಲ್ಲ. ಹಸ್ತ ಅರ್ಧ ಕಳೆಯಿತು, ಹೂ ಇಲ್ಲ. ನೆರಳಿನ ಗಿಡ, ನಿಧಾನ. ಬಿಸಿಲಿಗೆ ಎಳೆಯಿರಿ ಅಂದೆ. ಎಳೆದಿದ್ದೀನಿ ಕಣೋ, ಸೂರ್ಯನ್ನೂ ಎಳೀಲಾ ಅಂದರು. ಚಿತ್ತೆ ಹುಟ್ಟಿದ ದಿನ ಅವರೇ ಗೋಡೆಯ ಮೇಲಿಂದ ಬಗ್ಗಿ ಕೂಗಿದರು.

"ಲೇ ಕೇತ! ಐದು ಹೂ!"

ಐದರಲ್ಲಿ ಎರಡು ಗಾಳಿಗೆ ಹೋದವು. ಮೂರು ಕಾಯಿ ಕಟ್ಟಿದವು. ಬೆರಳಿನಲ್ಲಿ ದಿನ ಎಣಿಸಿದೆ. ಕಾಯಿ ಕಟ್ಟಿ ಹಣ್ಣಾಗಲು ಏನಿಲ್ಲೆಂದರೂ ಒಂದೂವರೆ ತಿಂಗಳು. ದೀಪಾವಳಿಗೆ ಅಷ್ಟು ದಿನವಿರಲಿಲ್ಲ. ಎಷ್ಟು ಸಲ ಎಣಿಸಿದರೂ ಇರಲಿಲ್ಲ.

ದೀಪಾವಳಿಯ ಮರುದಿನ ಗುಂಡ ಬಂದ. ಒಳ್ಳೇ ಹುಡುಗ, ನಗುಮುಖ. ಒಂದು ತಿಂಗಳು ತಡಿ ಅಂದೆ.

"ಆಗಕ್ಕಿಲ್ಲ ಮಾವ. ಕೊಡಗಿಗೆ ಕಾಪಿ ಅಣ್ಣು ಕೀಳಕ್ ಓಗ್ಬೇಕು, ಮೇಸ್ತ್ರಿ ಲಾರಿ ಬತ್ತದೆ. ಗಂಡ ಎಂಡ್ತಿ ಇಬ್ರೂ ಬಂದ್ರೇನೇ ಲೈನ್ ಮನೆ ಕೊಡಾದು. ಕಾಯಿ ಕಿತ್ಕೊಡಿ, ಒಣಗುಸ್ಕೋತೀವಿ."

"ಅಸಿ ಕಾಯಿ ಬೀಜ ಹುಟ್ಟಕ್ಕಿಲ್ಲ ಗುಂಡ."

"ಅಂಗಾರೆ ಗಿಡಾನೇ ಎತ್ಕೊಂಡೋಗ್ತೀವಿ. ಅದಕ್ಕೇನಂತೆ?"

ಬೇರೆ ದಾರಿ ಇರಲಿಲ್ಲ. ಹನಗೋಡಿನಿಂದ ಹುಣಸೂರು, ಹುಣಸೂರಿನಿಂದ ಕೋಟೆ, ಅಲ್ಲಿಂದ ಲಾರಿಯಲ್ಲಿ ಕೊಡಗಿನ ಚಳಿಗೆ. ಮೂರು ಕಾಯಿಯ ಕುಳ್ಳು ಗಿಡ, ಬಾಯೊಡೆದ ಗಡಿಗೆ.

ಹೊರಡುವ ದಿನ ಬೆಳಗ್ಗೆ ಸೀಗೆಪುಡಿ ಹಾಕಿ ಕೈ ಉಜ್ಜಿದೆ, ಬೂದಿ ಹಾಕಿ ಉಜ್ಜಿದೆ. ಗುರುಶಾಂತಮ್ಮನವರನ್ನು ಕೇಳಿ ಒಂದು ಲೋಟ ಕೆನೆ ತೆಗೆದ ಹಾಲು ಇಸಿದುಕೊಂಡು ಅದ್ದಿದೆ. ನಂಜಣ್ಣನ ಮುಂದೆ ಹಿಡಿದೆ. ಅವನು ಉಗುರಿನ ಸಂದು ನೋಡಿದ, ಮೂಸಿದ, ತಲೆ ಆಡಿಸಿದ.

"ನೆನ್ನೆ ಸಂಜೆಗಂಟ ಸೊಪ್ಪು ಕಟ್ಟಿದ್ದೀಯ ಕಣ್ಲಾ. ನಾನಾದ್ರೆ ನಂಬಕ್ಕಿಲ್ಲ."

ಗುಂಡನ ಸೊಂಟದಲ್ಲಿ ಎಲೆಚೀಲ ಕಂಡಿತು. ತೆಗಿ ಅಂದೆ.

"ಎಣ್ಣು ತಕ್ಕೊಂಡೋಗಕ್ ಬಂದ್ರೆ ನನ್ ಎಲೆಚೀಲ ಕಿತ್ಕೋತೀಯಲ್ಲ ಮಾವ!"

ನಗುತ್ತಲೇ ಬಿಚ್ಚಿ ನನ್ನ ಕಾಲ ಬಳಿ ಎಸೆದ. ಆಣೆ ಮಾಡು ಅಂದೆ. ಮಾದೇವನ ಆಣೆ ಅಂದ. ಹಣ್ಣಾಗುವ ತನಕ ಗಿಡವನ್ನು ಮಲ್ಲಿ ಒಬ್ಬಳೇ ಮುಟ್ಟಬೇಕು ಅಂದೆ. ಊಂ ಅಂದ. ತೋಟದ ಕೂಲಿಗಳು ಸಾಲಾಗಿ ಇರುವ ಲೈನ್ ಮನೆಯಲ್ಲಿ ಎಷ್ಟು ಜನ ಜಗಿಯುವವರು, ಎಷ್ಟು ಕೈ, ಅದನ್ನು ಕೇಳಲಿಲ್ಲ. ಕೇಳಿ ಏನು ಮಾಡುವುದು?

ಗುರುಶಾಂತಮ್ಮನವರು ಗಡಿಗೆಯನ್ನು ತಾವೇ ಎರಡು ಕೈಯಲ್ಲಿ ಹಿಡಿದು ಮೆಟ್ಟಿಲಿಳಿದರು. ಮಂಡಿ ನೋವಿನ ಹೆಂಗಸು, ಒಂದೊಂದು ಮೆಟ್ಟಿಲಿಗೂ ನಿಂತು ನಿಂತು. ಮೂರು ಕಾಯಿಯೂ ಗಟ್ಟಿ ಹಸಿರು. ಕೊನೇ ಮೆಟ್ಟಿಲಲ್ಲಿ ಕಾಲು ತಡವರಿಸಿತು. ಗಡಿಗೆ ಬೀಳಲಿಲ್ಲ, ಕುಲುಕಿತು. ಒಂದು ಕಾಯಿ ತೊಟ್ಟು ಕಳಚಿ ಕಲ್ಲಿನ ಮೇಲೆ ಉರುಳಿತು. ನಾನು ಬಗ್ಗಿದವನು ಗಿಡದ ಹತ್ತಿರ ಹೋಗುತ್ತಿದ್ದೇನೆಂದು ನೆನಪಾಗಿ ಹಿಂದೆ ಸರಿದೆ.

"ನನ್ನ ಕಾಲು ಸುಡ್ಲಿ," ಅಂದರು ಅವರು. ಅವರ ಕಣ್ಣು ತುಂಬಿದ್ದನ್ನು ನಾನು ನೋಡಿದ್ದು ಅದೊಂದೇ ಸಲ.

ಗಡಿಗೆಯನ್ನು ಕೆಳಗಿಟ್ಟು ದೂರ ನಿಂತರು. ಮಲ್ಲಿ ಹೊಸ ಸೀರೆ ಉಟ್ಟಿದ್ದಳು. ಪದ್ಧತಿಯಂತೆ ನನ್ನ ಮುಂದೆ ಬಂದು ಸೆರಗಿನ ತುದಿ ಚಾಚಿದಳು. ನನ್ನ ಎರಡು ಕೈಯೂ ಬೆನ್ನ ಹಿಂದೆ ಇದ್ದವು. ಒಂದರ ಬೆರಳನ್ನು ಇನ್ನೊಂದು ಹಿಡಿದುಕೊಂಡಿತ್ತು. ಅದೇ ಸೆರಗು ದಾರಿಯುದ್ದಕ್ಕೂ ಆ ಗಿಡಕ್ಕೆ ತಗಲುತ್ತದೆ.

"ಕಟ್ಟಪ್ಪ," ಅಂದಳು.

"ಏನ್ ಕಟ್ಲವ್ವ?"

ನನ್ನ ಮುಖ ನೋಡಿದಳು, ಬೆನ್ನ ಹಿಂದಿನ ಕೈ ನೋಡಿದಳು. ಆಮೇಲೆ ತಾನೇ ಸೆರಗಿನ ತುದಿಗೆ ಒಂದು ಗಂಟು ಹಾಕಿಕೊಂಡಳು. ಒಳಗೆ ಏನೂ ಇಲ್ಲದ ಗಂಟು.

"ಅಣ್ಣಾದ್ಮೇಲೆ ಬಿಚ್ಚಿ ತುಂಬ್ಕೋತೀನಿ ಬುಡು."

ಅವಳ ತಲೆ ಮುಟ್ಟಲಿಲ್ಲ ನಾನು. ಹೆತ್ತ ಮಗಳ ತಲೆ ಮುಟ್ಟದೆ ಕಳಿಸಿದೆ. ಗಡಿಗೆ ಎತ್ತಿಕೊಂಡು ಅವಳು ಮುಂದೆ, ಬಟ್ಟೆಯ ಮೂಟೆ ಹೊತ್ತು ಗುಂಡ ಹಿಂದೆ, ನಾನು ಇಪ್ಪತ್ತು ಮಾರು ಹಿಂದೆ ಬಸ್ ನಿಲ್ಲುವ ಅರಳಿಮರದ ತನಕ ಹೋದೆವು. ಕಿಟಕಿಯ ಪಕ್ಕ ಕೂತಳು. ಗಡಿಗೆ ಮಡಿಲಲ್ಲಿತ್ತು. ಬಸ್ ಕುಲುಕಿದಾಗ ಎಲೆಗಳ ಮೇಲೆ ಅಂಗೈ ಅಡ್ಡ ಹಿಡಿದದ್ದು ಕಂಡಿತು, ಆಮೇಲೆ ಧೂಳು.

ವಾಪಸು ಬಂದು, ಕಲ್ಲಿನ ಮೇಲೆ ಬಿದ್ದಿದ್ದ ಕಾಯಿಯನ್ನು ಎತ್ತಿ ಉಗುರಿನಲ್ಲಿ ಸೀಳಿದೆ. ಬೀಜ ಬೆಳ್ಳಗೆ, ಮೆತ್ತಗೆ, ಹಾಲಿನಂತಿತ್ತು. ಒತ್ತಿದರೆ ನೀರಾಯಿತು.

ಮಲ್ಲಿ ಹೋದದ್ದು ಕಾರ್ತಿಕದ ಮೊದಲನೇ ಸೋಮವಾರ, ಬೆಳಗಿನ ಹತ್ತು ಗಂಟೆಯ ಬಸ್ಸಿಗೆ.